‘ಇರಶ್ಶಾಯಿಮಸೆ’ಗೆ ಏನು ಉತ್ತರ ಕೊಡಬೇಕು? ಜಪಾನಿನ ಸ್ವಾಗತದ ಮಾತುಗಳು, ನಮ್ಮ ತಪ್ಪು ತಿಳಿವಳಿಕೆಗಳು

ಜಪಾನಿಗೆ ಹೋಗುವ ಮುಂಚೆ ಮೂರು ತಿಂಗಳು ಮೊಬೈಲಿನ ಒಂದು ಆ್ಯಪ್‌ನಲ್ಲಿ ಜಪಾನಿ ಕಲಿತಿದ್ದೆ. ಅದರ ಪಟ್ಟಿಯಲ್ಲಿ ‘ಇರಶ್ಶಾಯಿಮಸೆ’ ಎಂಬ ಪದದ ಎದುರು ‘ಸ್ವಾಗತ’ ಎಂದಿತ್ತು. ಒಸಾಕಾದಲ್ಲಿ ಇಳಿದ ಮೊದಲ ರಾತ್ರಿ ನೀರಿನ ಬಾಟಲಿ ಕೊಳ್ಳಲು ಅಂಗಡಿಯೊಂದಕ್ಕೆ ಕಾಲಿಟ್ಟೆ. ಕೌಂಟರಿನ ಹುಡುಗ ತಲೆ ಎತ್ತದೆಯೇ “ಇರಶ್ಶಾಯಿಮಸೆ!” ಎಂದು ಕೂಗಿದ. ನಾನು ನಿಂತು, ಕೈ ಮುಗಿದು, ಅಷ್ಟೇ ಗಟ್ಟಿಯಾಗಿ “ಇರಶ್ಶಾಯಿಮಸೆ” ಎಂದೆ. ಆಗ ತಲೆ ಎತ್ತಿದ. ಏನು ಮಾಡಬೇಕೆಂದು ತೋಚದೆ ಅರ್ಧ ಬಗ್ಗಿದ.

ನಾನು ಮಾಡಿದ್ದು ಏನೆಂದು ಆಮೇಲೆ ತಿಳಿಯಿತು. ದರ್ಶಿನಿಗೆ ಹೋದ ಗಿರಾಕಿ ಗಲ್ಲಾಪೆಟ್ಟಿಗೆಯಲ್ಲಿ ಕೂತ ಮಾಲೀಕರಿಗೆ “ಬನ್ನಿ ಸಾರ್, ಒಳಗ್ ಬನ್ನಿ” ಎಂದಂತೆ ಆಗಿತ್ತು ಅದು. ಪದ ಸರಿ, ಉಚ್ಚಾರಣೆಯೂ ಸುಮಾರಾಗಿ ಸರಿ. ಆದರೆ ಆ ಮಾತನ್ನು ಆಡುವ ಜಾಗದಲ್ಲಿ ನಾನಿರಲಿಲ್ಲ.

ಜಪಾನಿ ಕಲಿಸುವ ಪುಸ್ತಕ, ವಿಡಿಯೊ, ಆ್ಯಪ್‌ಗಳೆಲ್ಲ ಮೊದಲು ಕೊಡುವುದು ಸ್ವಾಗತದ ಮತ್ತು ಭೇಟಿಯ ಮಾತುಗಳ ಪಟ್ಟಿಯನ್ನೇ. ಕರ್ನಾಟಕದಲ್ಲೂ ಈ ಪಟ್ಟಿಗೆ ಬೇಡಿಕೆಯಿದೆ. ಬಿಡದಿ, ನರಸಾಪುರಗಳಲ್ಲಿ ಜಪಾನಿ ಕಂಪನಿಗಳ ಕಾರ್ಖಾನೆಗಳಿವೆ, ಬೆಂಗಳೂರಿನಲ್ಲಿ ಜಪಾನಿ ಭಾಷಾ ಪರೀಕ್ಷೆ ಬರೆಯುವವರಿದ್ದಾರೆ. ಪಟ್ಟಿಯ ತೊಂದರೆಯೆಂದರೆ ಅದು ಪದದ ಅರ್ಥವನ್ನು ಹೇಳುತ್ತದೆ, ಯಾರು ಯಾರಿಗೆ ಎಲ್ಲಿ ನಿಂತು ಹೇಳುತ್ತಾರೆ ಎಂಬುದನ್ನು ಬಿಟ್ಟುಬಿಡುತ್ತದೆ. ಈ ಮಾತುಗಳ ಮಟ್ಟಿಗೆ ಅರ್ಥ ಅಂಥಾ ದೊಡ್ಡ ವಿಷಯವೇ ಅಲ್ಲ, ನಿಂತ ಜಾಗವೇ ಮುಖ್ಯ.

ಮೊದಲು ‘ಇರಶ್ಶಾಯಿಮಸೆ’ಯನ್ನೇ ನೋಡೋಣ. ಇದರ ಮೂಲ ‘ಇರಶ್ಶರು’ ಎಂಬ ಗೌರವಾರ್ಥದ ಕ್ರಿಯಾಪದ. ಈ ಒಂದೇ ಪದಕ್ಕೆ ಬರು, ಹೋಗು, ಇರು ಎಂಬ ಮೂರು ಅರ್ಥಗಳೂ ಇವೆ. ವಿಚಿತ್ರ ಅನ್ನಿಸಿದರೆ ನಮ್ಮ ‘ದಯಮಾಡಿಸಿ’ಯನ್ನು ನೆನಪಿಸಿಕೊಳ್ಳಿ, ಅದರಲ್ಲಿ ಬರುವ ಸುದ್ದಿ ಎಲ್ಲಿದೆ? ಹಳಗನ್ನಡ ಕಾವ್ಯಗಳಲ್ಲಿ ದೊಡ್ಡವರು ಸುಮ್ಮನೆ ಬರುವುದಿಲ್ಲ, ಬಿಜಯಂಗೈಯುತ್ತಾರೆ. ದೊಡ್ಡವರ ನಡೆಯನ್ನು ನೇರವಾಗಿ ಹೇಳದೆ ಸುತ್ತು ಬಳಸಿ ಹೇಳುವುದು ಎರಡೂ ಭಾಷೆಗಳಿಗೆ ಗೊತ್ತಿರುವ ವಿದ್ಯೆ. ‘ಇರಶ್ಶಾಯಿಮಸೆ’ ಆ ಕ್ರಿಯಾಪದದ ವಿಧಿರೂಪ, ಅಂದರೆ ‘ದಯಮಾಡಿಸಬೇಕು’. ಅಂಗಡಿ, ಹೋಟೆಲು, ಬ್ಯಾಂಕು, ಕಂಪನಿಯ ಸ್ವಾಗತ ಕೌಂಟರು, ಇಲ್ಲೆಲ್ಲ ಜಾಗದ ಕಡೆಯವರು ಹೊರಗಿನಿಂದ ಬಂದವರಿಗೆ ಇದನ್ನು ಹೇಳುತ್ತಾರೆ. ಕೆಲವು ಅಂಗಡಿಗಳಲ್ಲಿ ಒಬ್ಬರು ಕೂಗಿದರೆ ಒಳಗಿರುವವರೆಲ್ಲ ಸರದಿಯಂತೆ ಕೂಗುತ್ತಾರೆ. ಇದಕ್ಕೆ ‘ಯಮಬಿಕೊ’, ಅಂದರೆ ಬೆಟ್ಟದ ಮಾರ್ದನಿ ಎಂಬ ಹೆಸರೇ ಇದೆ.

ಇದಕ್ಕೆ ಉತ್ತರವಿಲ್ಲ. ಒಳಗೆ ಬಂದ ಗಿರಾಕಿ ಸುಮ್ಮನೆ ಹೋಗಿ ತನಗೆ ಬೇಕಾದ್ದನ್ನು ಹುಡುಕಿಕೊಳ್ಳಬಹುದು. ಕಣ್ಣಿಗೆ ಕಣ್ಣು ಸಿಕ್ಕರೆ ತಲೆ ಸ್ವಲ್ಪ ಆಡಿಸಿದರೆ ಸಾಕು. ಉತ್ತರ ಕೊಡದಿರುವುದು ಒರಟುತನ ಎಂದು ನಮಗೆ ಕಸಿವಿಸಿಯಾಗುತ್ತದೆ. ಆದರೆ ನಮ್ಮ ಬಸ್ ನಿಲ್ದಾಣದಲ್ಲಿ “ಬನ್ನಿ ಬನ್ನಿ, ಮೈಸೂರ್ ಮೈಸೂರ್” ಎಂದು ಕೂಗುವ ಕಂಡಕ್ಟರಿಗೆ ನಾವು ತಿರುಗಿ ನಮಸ್ಕಾರ ಹೇಳುತ್ತೇವೆಯೇ?

ಸಂವಹನಶಾಸ್ತ್ರ ಓದುವವರಿಗೆ ಇಲ್ಲಿ ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಾಲಿನೋವ್‌ಸ್ಕಿ ನೆನಪಾಗುತ್ತಾರೆ. 1923ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಅವರು ‘ಫ್ಯಾಟಿಕ್ ಕಮ್ಯೂನಿಯನ್’ ಎಂಬ ಪದವನ್ನು ಬಳಕೆಗೆ ತಂದರು. ಕೆಲವು ಮಾತುಗಳನ್ನು ನಾವು ಸುದ್ದಿ ತಿಳಿಸಲು ಆಡುವುದಿಲ್ಲ, ನಡುವಿನ ನಂಟನ್ನು ಹಸಿಯಾಗಿಡಲು ಆಡುತ್ತೇವೆ ಎಂಬುದು ಅದರ ತಿರುಳು. “ಊಟ ಆಯ್ತಾ?” ಎಂದು ಕೇಳಿದವರಿಗೆ ನಿಮ್ಮ ಊಟದ ವಿವರ ಬೇಕಿರುವುದಿಲ್ಲ. ಜಪಾನಿನಲ್ಲೂ ನೆರೆಮನೆಯವರು ದಾರಿಯಲ್ಲಿ ಸಿಕ್ಕರೆ “ಎಲ್ಲೋ ಹೊರಟ ಹಾಗಿದೆ?” ಎಂದು ಕೇಳುವುದುಂಟು. ಅದಕ್ಕೆ ಸಿದ್ಧ ಉತ್ತರ ‘ಚೊತ್ತೊ ಸೊಕೊ ಮಾದೆ’. ಅಕ್ಷರಶಃ “ಸ್ವಲ್ಪ, ಅಲ್ಲೀವರೆಗೆ”. ನಮ್ಮ “ಇಲ್ಲೇ ಸ್ವಲ್ಪ” ಎಂಬ ಉತ್ತರದ ಅವಳಿ ಇದು. ಕೇಳಿದವರಿಗೂ ತೃಪ್ತಿ, ಹೇಳಿದವರ ಗುಟ್ಟೂ ಭದ್ರ.

ಮಾತು ಸುದ್ದಿ ತಿಳಿಸದಿದ್ದರೂ ಮಾತಾಡುವವರನ್ನು ಮೇಲೆ, ಕೆಳಗೆ, ಒಳಗೆ, ಹೊರಗೆ ಎಂದು ಕೂರಿಸುತ್ತದೆ. ‘ಇರಶ್ಶಾಯಿಮಸೆ’ ಗಿರಾಕಿಯನ್ನು ಮೇಲೆ ಕೂರಿಸುವ ಮಾತು. ಇದರ ಜೊತೆಗೆ ಜಪಾನಿನಲ್ಲಿ ಇನ್ನೊಂದು ಮಾತು ಚಾಲ್ತಿಯಲ್ಲಿದೆ: ‘ಒಕ್ಯಾಕುಸಮಾ ವಾ ಕಮಿಸಮಾ ದೆಸ್’, ಗಿರಾಕಿಯೇ ದೇವರು. ನಮ್ಮ ‘ಅತಿಥಿ ದೇವೋ ಭವ’ದ ಜಪಾನಿ ರೂಪ ಎಂದು ಇದನ್ನು ಹಂಚಿಕೊಳ್ಳುವವರಿದ್ದಾರೆ. ಅದು ನಿಜವಲ್ಲ. ಇದನ್ನು ಜನಪ್ರಿಯಗೊಳಿಸಿದವರು ಹರುಓ ಮಿನಾಮಿ ಎಂಬ ಗಾಯಕರು, ಕಳೆದ ಶತಮಾನದ 60ರ ದಶಕದಲ್ಲಿ. ದೇವರ ಮುಂದೆ ಪ್ರಾರ್ಥಿಸುವಾಗಿನ ಶುದ್ಧ ಮನಸ್ಸು ಇಲ್ಲದಿದ್ದರೆ ಕೇಳುಗರ ಮುಂದೆ ಒಳ್ಳೆಯದಾಗಿ ಹಾಡಲಾಗದು ಎಂಬುದು ಅವರ ಮಾತಿನ ಅರ್ಥವಾಗಿತ್ತು. ಅಂದರೆ ಅದು ಕಲಾವಿದ ತನಗೇ ಹೇಳಿಕೊಂಡ ಶಿಸ್ತು. ಹಾಸ್ಯ ಕಲಾವಿದರು ಅದನ್ನು ಎತ್ತಿಕೊಂಡು ಊರಿಗೆಲ್ಲ ಹಬ್ಬಿಸಿದರು. ಕೊನೆಗೆ ಅದು ಕೌಂಟರಿನ ಆಚೆ ಬದಿಗೆ ದಾಟಿ, “ನಾನು ಗಿರಾಕಿ, ನಾನು ದೇವರು, ಮೊಣಕಾಲೂರಿ ಕ್ಷಮೆ ಕೇಳು” ಎನ್ನುವವರ ಕೈಗೆ ಸಿಕ್ಕಿತು.

ಇದು ಬರೀ ಭಾಷೆಯ ವಿಷಯವಾಗಿ ಉಳಿದಿಲ್ಲ. ಸಿಬ್ಬಂದಿಯ ಮೇಲೆ ಗಿರಾಕಿಗಳು ನಡೆಸುವ ದೌರ್ಜನ್ಯಕ್ಕೆ ಜಪಾನಿನಲ್ಲಿ ‘ಕಸುಹರಾ’ ಎಂಬ ಪದವೇ ಹುಟ್ಟಿದೆ. ಕಸ್ಟಮರ್ ಮತ್ತು ಹರಾಸ್‌ಮೆಂಟ್ ಪದಗಳನ್ನು ಕತ್ತರಿಸಿ ಜೋಡಿಸಿದ್ದು. ಟೋಕಿಯೊ ಮಹಾನಗರ ಆಡಳಿತ ಇದನ್ನು ತಡೆಯಲೆಂದೇ ಒಂದು ಶಾಸನ ಮಾಡಿದೆ, 2025ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಶಿಕ್ಷೆಯ ನಿಯಮ ಅದರಲ್ಲಿಲ್ಲ, ಆದರೆ ಗಿರಾಕಿಯಾದವನು ಏನನ್ನು ಮಾಡಬಾರದು ಎಂದು ಕಾನೂನಿನ ಭಾಷೆಯಲ್ಲಿ ಹೇಳಬೇಕಾಗಿ ಬಂತಲ್ಲ! ‘ಜಪಾನಿನ ವಿನಯ ನೋಡಿ ಕಲಿಯಿರಿ’ ಎಂಬ ವಿಡಿಯೊಗಳಲ್ಲಿ ಬಗ್ಗುವ ಹುಡುಗಿ ಕಾಣಿಸುತ್ತಾಳೆ, ಅವಳು ಬಗ್ಗಿದ್ದು ಕೆಲಸದ ಭಾಗ ಎಂಬುದು ಕಾಣಿಸುವುದಿಲ್ಲ. ಅವಳ ಮನಸ್ಸಿನಲ್ಲಿ ಪ್ರೀತಿ ಇರಬಹುದು, ಇಲ್ಲದಿರಬಹುದು. ‘ಇರಶ್ಶಾಯಿಮಸೆ’ಯಿಂದ ಅದನ್ನು ಅಳೆಯಲಾಗದು.

ಹಾಗಾದರೆ ನಿಜವಾಗಿ ಒಬ್ಬರನ್ನು ಸ್ವಾಗತಿಸುವಾಗ ಏನು ಹೇಳುತ್ತಾರೆ? ಫಲಕ, ಬ್ಯಾನರು, ಸಮಾರಂಭದ ಮಾತಿಗೆ ‘ಯೋಕೊಸೊ’ ಇದೆ. ‘ಯೊಕು’ ಎಂದರೆ ಚೆನ್ನಾಗಿ, ‘ಕೊಸೊ’ ಒತ್ತು ಕೊಡುವ ಪ್ರತ್ಯಯ. ಎರಡೂ ಕೂಡಿ ‘ಬಂದದ್ದು ಬಹಳ ಒಳ್ಳೇದಾಯ್ತು’ ಎಂಬುದರ ಮೊದಲ ತುಂಡು. ಸಂಸ್ಕೃತದ ‘ಸ್ವಾಗತ’ವೂ ಹೀಗೇ ಕಟ್ಟಿದ್ದು: ಸು ಎಂದರೆ ಚೆನ್ನಾಗಿ, ಆಗತ ಎಂದರೆ ಬಂದದ್ದು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಷೆಗಳು ಒಂದೇ ದಾರಿ ಹಿಡಿದಿವೆ.

ಟೋಕಿಯೊ ಬಳಿಯ ನರಿತಾ ವಿಮಾನ ನಿಲ್ದಾಣದಲ್ಲಿ ಇದಕ್ಕಿಂತ ಕುತೂಹಲದ ಫಲಕವೊಂದಿದೆ. ಇಂಗ್ಲಿಷಿನಲ್ಲಿ ‘ಜಪಾನಿಗೆ ಸ್ವಾಗತ’ ಎಂಬ ಅರ್ಥದ ಸಾಲು. ಅದರ ಜೊತೆಗಿರುವ ಜಪಾನಿ ಅಕ್ಷರಗಳು ಅದರ ಅನುವಾದವಲ್ಲ. ಅಲ್ಲಿರುವುದು ‘ಒಕಯೆರಿನಸಾಯ್’, ಅಂದರೆ ‘ಮರಳಿ ಬಂದಿರಾ’. ಇಂಗ್ಲಿಷ್ ಓದುವವರು ಹೊರಗಿನವರು, ಅವರಿಗೆ ಸ್ವಾಗತ. ಜಪಾನಿ ಓದುವವರು ಮನೆಯವರು, ಅವರು ಬರುತ್ತಿಲ್ಲ, ಹಿಂದಿರುಗುತ್ತಿದ್ದಾರೆ.

ಒಳಗು ಮತ್ತು ಹೊರಗು ಎಂಬ ಈ ಭೇದಕ್ಕೆ ಜಪಾನಿಯಲ್ಲಿ ‘ಉಚಿ’, ‘ಸೊತೊ’ ಎಂಬ ಹೆಸರುಗಳಿವೆ. ಎಲ್ಲರಿಗೂ ಗೊತ್ತಿರುವ ‘ಕೊನ್ನಿಚಿವಾ’ದಲ್ಲೂ ಈ ಭೇದ ಅಡಗಿದೆ. ಅದನ್ನು ‘ನಮಸ್ಕಾರ’ ಎಂದೋ ‘ಹಲೋ’ ಎಂದೋ ಕಲಿಸುತ್ತಾರೆ. ‘ಕೊನ್ನಿಚಿ’ ಎಂದರೆ ಈ ದಿನ. ‘ವಾ’ ಎಂಬುದು ಯಾವುದರ ಬಗ್ಗೆ ಮಾತು ಎಂದು ತೋರಿಸುವ ಪ್ರತ್ಯಯ. ‘ಇವತ್ತಂತೂ…’ ಎಂದು ಶುರುಮಾಡಿ ‘ಹೇಗಿದ್ದೀರಿ?’ ಎಂದು ಮುಗಿಯುತ್ತಿದ್ದ ವಾಕ್ಯದ ಬಾಲ ಸವೆದುಹೋಗಿ ತಲೆ ಮಾತ್ರ ಉಳಿದಿದೆ. ಮನೆಯವರಿಗೆ ಇದನ್ನು ಹೇಳುವುದಿಲ್ಲ. ಮಧ್ಯಾಹ್ನ ಅಡುಗೆಮನೆಗೆ ಬಂದು ಅಮ್ಮನಿಗೆ ‘ಕೊನ್ನಿಚಿವಾ’ ಎಂದರೆ ಅಮ್ಮನಿಗೆ ನಗು ಬರುತ್ತದೆ, ಇಲ್ಲವೇ ಗಾಬರಿಯಾಗುತ್ತದೆ. ಆದರೆ ಬೆಳಗಿನ ‘ಒಹಾಯೋ’ವನ್ನು ಮನೆಯವರಿಗೂ ಹೇಳುತ್ತಾರೆ. ಅದರ ಅರ್ಥ ‘ಬೇಗ ಎದ್ದಿರಿ, ಬೇಗ ಬಂದಿರಿ’ ಎಂಬಷ್ಟೇ. ‘ಗೊಝಾಯಿಮಾಸ್’ ಸೇರಿಸಿದರೆ ಹಿರಿಯರಿಗೂ ಸಲ್ಲುತ್ತದೆ. ನಾಟಕ, ಟಿವಿ ರಂಗದವರು ಮತ್ತು ಪಾಳಿಯಲ್ಲಿ ದುಡಿಯುವ ಎಷ್ಟೋ ಜನ ಸಂಜೆ ಕೆಲಸಕ್ಕೆ ಬಂದಾಗಲೂ ‘ಒಹಾಯೋ ಗೊಝಾಯಿಮಾಸ್’ ಎನ್ನುತ್ತಾರೆ. ಅವರ ಮಟ್ಟಿಗೆ ಬೆಳಗಾಗುವುದು ಕೆಲಸ ಶುರುವಾದಾಗ.

ಕೈ ಮುಗಿಯುವ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಅಂಗಡಿಯಲ್ಲಿ ನನ್ನ ಎರಡನೆಯ ತಪ್ಪು ಅದೇ. ಜಪಾನೀಯರು ಕೈ ಮುಗಿದು ಬಗ್ಗಿ ನಮಸ್ಕರಿಸುತ್ತಾರೆ ಎಂಬ ಚಿತ್ರ ನಮ್ಮ ಸಿನಿಮಾ, ಜಾಹೀರಾತುಗಳಲ್ಲಿ ತುಂಬಿದೆ. ಕೈ ಮುಗಿದು ಸ್ವಾಗತಿಸುವ ರೂಢಿ ಥಾಯ್ಲೆಂಡಿನದು. ಜಪಾನಿನಲ್ಲಿ ಕೈ ಜೋಡಿಸುವುದು ದೇವರ ಮುಂದೆ, ಊಟಕ್ಕೆ ಮುಂಚೆ, ಇಲ್ಲವೇ ಗೆಳೆಯರ ಬಳಿ “ಪ್ಲೀಸ್, ಇದೊಂದ್ಸಲ” ಎಂದು ಗೋಗರೆಯುವಾಗ. ಭೇಟಿಯಾದಾಗ ಬಗ್ಗುತ್ತಾರೆ, ಕೈಗಳು ಪಕ್ಕದಲ್ಲೋ ಮುಂದೋ ಇಳಿದಿರುತ್ತವೆ.

ಮೊದಲ ಭೇಟಿಯ ಮಾತುಗಳು ಎರಡು: ‘ಹಜಿಮೆಮಶಿತೆ’ ಮತ್ತು ‘ಯೊರೊಶಿಕು ಒನೆಗಾಯ್ ಶಿಮಾಸ್’. ಮೊದಲನೆಯದೂ ಅರ್ಧ ವಾಕ್ಯವೇ, ‘ಮೊದಲ ಸಲ ಆಗಿ…’ ಎಂಬಲ್ಲಿಗೆ ನಿಲ್ಲುತ್ತದೆ. ‘ಭೇಟಿ ಆಗುತ್ತಿದ್ದೇನೆ’ ಎಂಬುದನ್ನು ಕೇಳುವವರು ತುಂಬಿಕೊಳ್ಳಬೇಕು. ಒಬ್ಬರಿಗೆ ಒಂದೇ ಸಲ ಹೇಳಬಹುದಾದ ಮಾತು ಇದು. ಎರಡನೆಯದನ್ನು ಪಟ್ಟಿಗಳು ‘ನಿಮ್ಮನ್ನು ಭೇಟಿಯಾಗಿ ಸಂತೋಷ’ ಎಂದು ಅನುವಾದಿಸುತ್ತವೆ. ಸಂತೋಷದ ಮಾತೇ ಅದರಲ್ಲಿಲ್ಲ. ‘ಒಳ್ಳೆಯ ರೀತಿಯಲ್ಲಿ ನಡೆಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ’ ಎಂಬುದು ಅದರ ಅರ್ಥ. ಹಾಗಾಗಿ ಹೊಸಬರ ಪರಿಚಯದಲ್ಲಿ, ಮೀಟಿಂಗ್ ಶುರುವಾದಾಗ, ಇಮೇಲ್ ಮುಗಿಸುವಾಗ, ಹೊಸ ವರ್ಷದ ಕಾರ್ಡಿನಲ್ಲಿ, ಎಲ್ಲ ಕಡೆಯೂ ಇದು ಬರುತ್ತದೆ. ‘ನಿಮ್ಮ ಸಹಕಾರ ಹೀಗೇ ಇರಲಿ’ ಎಂಬ ನಮ್ಮ ಮಾತಿಗೆ ಹತ್ತಿರ. ಮುಂದೆ ಒಟ್ಟಿಗೆ ಸಾಗುವ ಕೆಲಸವೊಂದಿದೆ ಎಂದು ಒಪ್ಪಿಕೊಳ್ಳುವ ಮಾತು.

ಇದೇ ಹೊತ್ತಿನಲ್ಲಿ ನಮ್ಮವರು ತಪ್ಪದೆ ಮುಗ್ಗರಿಸುವ ಇನ್ನೊಂದು ಜಾಗವಿದೆ. ಜಪಾನಿ ಕಂಪನಿಯೊಂದರಲ್ಲಿ ಕೆಲಸ ಮಾಡುವ ಗೆಳತಿ ಹೇಳಿದ್ದು. ಹೊರಗಿನಿಂದ ಗಿರಾಕಿಗಳು ಬಂದಾಗ ಅವಳು ತನ್ನ ಮ್ಯಾನೇಜರನ್ನು ‘ಇವರು ತನಾಕಾ-ಸಾನ್’ ಎಂದು ಪರಿಚಯಿಸಿದಳು. ಗೌರವ ಕೊಟ್ಟೆ ಎಂದುಕೊಂಡಿದ್ದಳು. ಆಮೇಲೆ ಯಾರೋ ಮೆಲ್ಲಗೆ ತಿದ್ದಿದರು: ಆಫೀಸಿನೊಳಗೆ ಅವರು ತನಾಕಾ-ಸಾನ್, ಹೊರಗಿನವರ ಎದುರು ಬರೀ ತನಾಕಾ. ಹೊರಗಿನವರು ನಿಂತಿರುವಾಗ ನೀನೂ ನಿನ್ನ ಬಾಸೂ ಒಂದೇ ಬದಿ, ತನ್ನ ಬದಿಯವರನ್ನು ತಾನೇ ಏರಿಸಬಾರದು. ಕನ್ನಡದಲ್ಲಿ ಇದು ತಲೆಕೆಳಗು. ನಾವು ಹೊರಗಿನವರ ಎದುರು ‘ನಮ್ಮ ಸಾಹೇಬ್ರು ಹೇಳಿದಾರೆ’ ಎಂದು ಇನ್ನಷ್ಟು ಒತ್ತಿ ಹೇಳುತ್ತೇವೆ. ನಮ್ಮ ಬಹುವಚನ ವ್ಯಕ್ತಿಗೆ ಅಂಟಿಕೊಂಡಿರುತ್ತದೆ, ಅವರ ‘ಸಾನ್’ ಮಾತ್ರ ಎದುರಿಗೆ ಯಾರಿದ್ದಾರೆ ಎಂಬುದನ್ನು ನೋಡಿಕೊಂಡು ಬಂದುಹೋಗುತ್ತದೆ. ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಕೊಟ್ಟು, ಪಡೆದು, ಓದಿ, ಆಮೇಲೆ ಮಾತಿಗೆ ಕೂರುವುದಕ್ಕೂ ಇದೇ ಕಾರಣ. ಎದುರಿನವರ ಸ್ಥಾನ ಗೊತ್ತಾಗದೆ ಯಾವ ಕ್ರಿಯಾಪದ ಬಳಸಬೇಕೆಂಬುದೇ ಗೊತ್ತಾಗುವುದಿಲ್ಲ.

ಅಂಗಡಿ, ಆಫೀಸು ಬಿಟ್ಟು ಮನೆ ಬಾಗಿಲಿಗೆ ಬರೋಣ. ನನಗೆ ಅತಿ ಇಷ್ಟವಾದ ಮಾತು ಇರುವುದು ಇಲ್ಲಿ, ಅದನ್ನು ಹೇಳುವುದು ಅತಿಥಿ. ಹೊಸ್ತಿಲ ಹೊರಗೆ ನಿಂತು ‘ಗೊಮೆನ್ ಕುದಸಾಯ್’, ಕ್ಷಮಿಸಿ, ಎಂದು ಕರೆಯುತ್ತಾರೆ. ಒಳಗಿನವರು ‘ದೋಝೊ, ಒಅಗರಿ ಕುದಸಾಯ್’ ಎನ್ನುತ್ತಾರೆ. ‘ಒಳಗೆ ಬನ್ನಿ’ ಎಂದಲ್ಲ, ‘ಮೇಲೆ ಬನ್ನಿ’ ಎಂದು ಅದರ ಅರ್ಥ. ಜಪಾನಿ ಮನೆಯ ಬಾಗಿಲ ಬಳಿಯ ‘ಗೆಂಕಾನ್’ ಎಂಬ ಜಾಗ ಮನೆಯ ನೆಲಕ್ಕಿಂತ ತಗ್ಗಿನಲ್ಲಿರುತ್ತದೆ, ಚಪ್ಪಲಿ ಅಲ್ಲೇ ಬಿಟ್ಟು ಮೇಲೆ ಹತ್ತಬೇಕು. ಚಪ್ಪಲಿ ಹೊರಗೆ ಬಿಡುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಬಿಟ್ಟ ಚಪ್ಪಲಿಯ ಮೂತಿಯನ್ನು ಬಾಗಿಲ ಕಡೆ ತಿರುಗಿಸಿಡುವುದನ್ನು ಮಾತ್ರ ಕಲಿಯಬೇಕು.

ಮೇಲೆ ಹತ್ತುವಾಗ ಅತಿಥಿ ಹೇಳುವುದು ‘ಒಜಮಾ ಶಿಮಾಸ್’: ‘ನಿಮಗೆ ತೊಂದರೆ ಕೊಡುತ್ತಿದ್ದೇನೆ’. ಹೊರಡುವಾಗ ಅದನ್ನೇ ಭೂತಕಾಲದಲ್ಲಿ ಹೇಳಬೇಕು: ‘ಒಜಮಾ ಶಿಮಶಿತಾ’, ತೊಂದರೆ ಕೊಟ್ಟೆ. ಈ ‘ಜಮಾ’ ಪದ ಎರಡು ಅಕ್ಷರಗಳದು. ಮೊದಲನೆಯದರ ಅರ್ಥ ಕೆಟ್ಟ. ಎರಡನೆಯದು ಸಂಸ್ಕೃತದ ‘ಮಾರ’. ಹೌದು, ಬೋಧಿವೃಕ್ಷದ ಕೆಳಗೆ ಕೂತ ಸಿದ್ಧಾರ್ಥನ ತಪಸ್ಸನ್ನು ಕೆಡಿಸಲು ಬಂದ ಅದೇ ಮಾರ. ಬೌದ್ಧ ಗ್ರಂಥಗಳು ಚೀನಿ ಭಾಷೆಗೆ ಹೋದಾಗ ಅವನ ಹೆಸರಿಗೆಂದೇ ಒಂದು ಅಕ್ಷರ ಹುಟ್ಟಿತು, ಅದು ಜಪಾನಿಗೂ ಬಂತು. ಸಾಧನೆಗೆ ಅಡ್ಡಿ ಮಾಡುವ ದುಷ್ಟಶಕ್ತಿ ಎಂಬ ಅರ್ಥ ಸವೆಯುತ್ತಾ ಬಂದು ಬರೀ ‘ಅಡ್ಡಿ’ ಎಂದಾಯಿತು. ಈಗ ಕೇಕಿನ ಡಬ್ಬಿ ಹಿಡಿದು ಬಂದ ಅತಿಥಿ ಹೊಸ್ತಿಲಲ್ಲಿ ತನ್ನನ್ನೇ ಮಾರ ಎಂದು ಕರೆದುಕೊಂಡು ಒಳಗೆ ಬರುತ್ತಾರೆ, ತಮಗೇ ಗೊತ್ತಿಲ್ಲದೆ.

ಆತಿಥ್ಯ ಕೊಡುವವರೂ ಕಡಿಮೆಯಿಲ್ಲ. ಮೇಜಿನ ತುಂಬ ತಿನಿಸು ಇಟ್ಟು ‘ನಾನಿಮೊ ಅರಿಮಸೆನ್ ಗಾ’ ಎನ್ನುತ್ತಾರೆ, ‘ಏನೂ ಇಲ್ಲ, ಆದರೂ…’ ಎಂದು. ಎಲೆಯ ಮೇಲೆ ಹೋಳಿಗೆ ಬಡಿಸುತ್ತಾ “ಏನೂ ಮಾಡಿಲ್ಲ, ಮನೆ ಅಡುಗೆ ಅಷ್ಟೇ” ಎನ್ನುವ ನಮ್ಮ ಅತ್ತೆ, ಚಿಕ್ಕಮ್ಮಂದಿರಿಗೆ ಇದರ ಅನುವಾದ ಬೇಕಿಲ್ಲ.

ಈ ಪದಗಳ ಸುತ್ತ ಓಡಾಡುವ ಕೆಲವು ಕಟ್ಟುಕಥೆಗಳನ್ನೂ ನೋಡಿಬಿಡೋಣ. 2013ರ ಸೆಪ್ಟೆಂಬರ್‌ನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಒಲಿಂಪಿಕ್ಸ್ ಆತಿಥ್ಯಕ್ಕಾಗಿ ಟೋಕಿಯೊ ಪರ ಮಾತಾಡಿದ ಕ್ರಿಸ್ಟೆಲ್ ತಕಿಗಾವಾ ‘ಒ-ಮೊ-ತೆ-ನಾ-ಶಿ’ ಎಂದು ಒಂದೊಂದೇ ಅಕ್ಷರ ಬಿಡಿಸಿ ಹೇಳಿದ ಮೇಲೆ ಆ ಪದ ಲೋಕಪ್ರಸಿದ್ಧವಾಯಿತು. ಅರ್ಥ ಆತಿಥ್ಯ. ‘ಒಮೊತೆ’ ಎಂದರೆ ಮುಂಬದಿ, ‘ನಾಶಿ’ ಎಂದರೆ ಇಲ್ಲ, ಮುಖವಾಡವಿಲ್ಲದ ನಿಷ್ಕಪಟ ಸೇವೆಯೇ ಒಮೊತೆನಾಶಿ ಎಂದು ವಿವರಿಸುವ ಬರಹಗಳು ಬೇಕಾದಷ್ಟಿವೆ. ಕೇಳಲು ಚೆನ್ನ, ವ್ಯಾಕರಣಕ್ಕೆ ಒಗ್ಗುವುದಿಲ್ಲ. ‘ಮೊತೆನಸು’, ಉಪಚರಿಸು, ಎಂಬ ಹಳೆಯ ಕ್ರಿಯಾಪದದ ನಾಮರೂಪಕ್ಕೆ ಗೌರವದ ‘ಒ’ ಸೇರಿದೆ, ಅಷ್ಟೇ. ಫೋನಿನ ‘ಮೊಶಿ ಮೊಶಿ’ಯದು ಇನ್ನೂ ಸ್ವಾರಸ್ಯದ ಕಥೆ: ದೆವ್ವ, ಮಾಯಾವಿ ನರಿಗಳಿಗೆ ಒಂದೇ ಪದವನ್ನು ಎರಡು ಸಲ ಹೇಳಲು ಬಾರದು, ಅದಕ್ಕೇ ಎರಡು ಸಲ ಹೇಳುತ್ತಾರೆ ಎಂದು. ‘ಮೋಸು’ ಎಂದರೆ ವಿನಯದಿಂದ ಹೇಳು, ಅದರಿಂದ ಬಂದ ‘ಮೊಶಿ’ ನಮ್ಮ ‘ಏನ್ರೀ’ಯಂತೆ ಜನರನ್ನು ಕರೆಯುವ ಮಾತು. 1890ರಲ್ಲಿ ಟೋಕಿಯೊ, ಯೋಕೊಹಾಮಾಗಳಿಗೆ ದೂರವಾಣಿ ಬರುವ ಮೊದಲೇ ಅದು ಬಳಕೆಯಲ್ಲಿತ್ತು. ಅಂದ ಹಾಗೆ ಆಫೀಸಿನ ಫೋನ್ ಎತ್ತಿದಾಗ ‘ಮೊಶಿ ಮೊಶಿ’ ಸಲ್ಲದು, ಕಂಪನಿಯ ಹೆಸರು ಹೇಳಬೇಕು.

ಇಷ್ಟೆಲ್ಲ ಹೋಲಿಕೆ ನೋಡಿ ಯಾರಾದರೂ “ಜಪಾನಿ ನಮ್ಮ ದ್ರಾವಿಡ ಭಾಷೆಯಿಂದಲೇ ಬಂದದ್ದು” ಎನ್ನಬಹುದು. ಆ ಮಾತು ವಾಟ್ಸ್ಆ್ಯಪ್‌ನಲ್ಲಿ ಆಗಾಗ ಬರುತ್ತಿರುತ್ತದೆ. ಸುಸುಮು ಒನೊ ಎಂಬ ಜಪಾನಿ ವಿದ್ವಾಂಸರು ತಮಿಳು ಮತ್ತು ಜಪಾನಿಗೆ ನಂಟಿದೆ ಎಂದು ದಶಕಗಳ ಕಾಲ ವಾದಿಸಿದ್ದು ನಿಜ. ಬಹುಪಾಲು ಭಾಷಾವಿಜ್ಞಾನಿಗಳು ಅದನ್ನು ಒಪ್ಪಿಲ್ಲ ಎಂಬುದೂ ಅಷ್ಟೇ ನಿಜ. ಕ್ರಿಯಾಪದ ಕೊನೆಗೆ ಬರುವ, ಪ್ರತ್ಯಯ ಅಂಟಿಸಿಕೊಂಡು ಹೋಗುವ ಭಾಷೆಗಳು ಜಗತ್ತಿನಲ್ಲಿ ಇನ್ನೂ ಹಲವಿವೆ.

ಆದರೂ ಒಂದು ಹೋಲಿಕೆಯನ್ನು ಹೇಳದೆ ಇರಲಾರೆ. ಮನೆಯಿಂದ ಹೊರಡುವ ಜಪಾನೀಯರು ಹೇಳುವುದು ‘ಇತ್ತೆ ಕಿಮಾಸ್’. ಇತ್ತೆ ಎಂದರೆ ಹೋಗಿ, ಕಿಮಾಸ್ ಎಂದರೆ ಬರುತ್ತೇನೆ. ಹೋಗಿ ಬರ್ತೀನಿ! ಅಕ್ಷರಕ್ಕೆ ಅಕ್ಷರ ಕೂಡುತ್ತದೆ. ನನ್ನ ಜಪಾನಿ ಮೇಷ್ಟ್ರು ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಹದಿನೈದು ನಿಮಿಷ ಒದ್ದಾಡಿದರು. ಹೊರಡುವಾಗ ಬರುವ ಮಾತೇಕೆ ಎಂದು ತರಗತಿಯಲ್ಲಿದ್ದ ದೆಹಲಿಯ ಹುಡುಗ ಕೇಳುತ್ತಲೇ ಇದ್ದ. ‘ಹೋಗ್ತೀನಿ’ ಎಂದರೆ ಬೈಸಿಕೊಂಡು ಬೆಳೆದ ನಾವು ಹಿಂದಿನ ಬೆಂಚಿನವರು ನಗುತ್ತಾ ಕೂತಿದ್ದೆವು. ಮರಳಿ ಬಂದಾಗ ‘ತದಾಯಿಮಾ’, ಈಗಷ್ಟೇ. ಅದಕ್ಕೆ ಒಳಗಿನಿಂದ ‘ಒಕಯೆರಿ’. ಒಬ್ಬರೇ ವಾಸಿಸುವ ಕೆಲವರು ಖಾಲಿ ಮನೆಯ ಬೀಗ ತೆಗೆದಾಗಲೂ ‘ತದಾಯಿಮಾ’ ಎನ್ನುವುದುಂಟು.

‘ಇತ್ತೆ ಕಿಮಾಸ್’ ಎಂದು ಹೊರಟವರಿಗೆ ಮನೆಯಲ್ಲಿ ಉಳಿದವರು ಕೊಡುವ ಉತ್ತರ ‘ಇತ್ತೆರಶ್ಶಾಯ್’. ‘ಇತ್ತೆ’ ಮತ್ತು ‘ಇರಶ್ಶಾಯ್’ ಕೂಡಿದ್ದು: ಹೋಗಿ ಬನ್ನಿ. ಒಸಾಕಾದ ಅಂಗಡಿಯ ಹುಡುಗ ತಲೆ ಎತ್ತದೆ ಕೂಗಿದ್ದೂ ಇದೇ ಕ್ರಿಯಾಪದವನ್ನೇ. ಅದಕ್ಕೆ ಉತ್ತರವಿಲ್ಲ, ಇದೇ ಒಂದು ಉತ್ತರ.